ಅಕ್ಕಿ ಕೋಣೆಯ ಕೌನ್ಸೆಲಿಂಗ್

ಆ ಬುಧವಾರ ಬೆಳಿಗ್ಗೆ ದುರುಗಣ್ಣ ಎಂದಿನಂತೆ ಅಂಗಳದಲ್ಲಿ ನಿಂತು ತನ್ನ ಟಿವಿಎಸ್ ಗಾಡಿಯ ಸೀಟು ಒರೆಸುತ್ತಿದ್ದ. ಗಣಿಗಳ ಪಕ್ಕದ ವಡ್ಡು ಕಡೆಯ ಊರುಗಳಲ್ಲಿ ಹೊರಗೆ ಬಿಟ್ಟದ್ದು ಯಾವುದೂ ಬೆಳಿಗ್ಗೆ ತನ್ನ ಬಣ್ಣದಲ್ಲಿರುವುದಿಲ್ಲ. ಕೆಂಪು ಧೂಳಿನ ಬಣ್ಣದಲ್ಲಿರುತ್ತದೆ. ಒರೆಸಲು ಅವನಿಗೆ ಹೆಂಡತಿ ಹೊಳೆಮ್ಮನ ಹಳೆಯ ಹಸಿರು ಸೀರೆಯ ತುಂಡೇ ಆಗಬೇಕು.

“ಆ ಗಾಡಿಗೆ ಮಾಡೋ ಸೇವಾ ನನಗ ಮಾಡಿದ್ರ ನಾನೂ ಒಂದೀಟು ಹೊಳೀತಿದ್ದೆ,” ಎಂದಳು ಹೊಳೆಮ್ಮ ಒಳಗಿನಿಂದ.

“ಹೆಸರೇ ಹೊಳೆಮ್ಮ. ಇನ್ನೆಷ್ಟು ಹೊಳೀತಿ ಬಿಡು,” ಎಂದ.

ಅವಳಿಗೆ ನಗು ಬಂತು. ನಕ್ಕರೆ ಗಂಡನಿಗೆ ಸದರ ಕೊಟ್ಟಂತಾಗುತ್ತದೆ ಎಂದು ನಗಲಿಲ್ಲ. ಅವನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಶಿಫ್ಟಿಗೆ ಹೋದ. ಇವಳು ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಹೋದಳು. ಸಂಜೆ ಕಾರ್ಖಾನೆಯ ಬಸ್ಸಿನಿಂದ ಇಳಿದವನು ಎದೆ ಹಿಡಿದುಕೊಂಡು, ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಬಿಟ್ಟುಹೋಗಿದ್ದ ಗಾಡಿಯ ಪಕ್ಕ ಕುಳಿತ. ಮತ್ತೆ ಏಳಲಿಲ್ಲ. ಗಾಡಿಯನ್ನು ಯಾರೋ ತಳ್ಳಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದರು.

ಹೊಳೆಮ್ಮ ಅಳಲಿಲ್ಲ. “ಗಟ್ಟಿಗಿತ್ತಿ” ಎಂದರು ಊರವರು. ಅವಳೂ ನಂಬಿದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಯಾರಾದರೂ ಹೊಗಳಿದರೆ ನಂಬದಿರುವಷ್ಟು ಬುದ್ಧಿ ಎಲ್ಲಿಂದ ತರಬೇಕು? ಶಾಲೆಯ ಸಾರು ಮಾತ್ರ ನಂಬಲಿಲ್ಲ. ಒಂದು ದಿನ ಎರಡು ಸಲ ಉಪ್ಪು ಬೀಳುತ್ತಿತ್ತು, ಇನ್ನೊಂದು ದಿನ ಬೀಳುತ್ತಲೇ ಇರಲಿಲ್ಲ.

“ನಿನ್ನ ಸಾರಿನ್ಯಾಗ ಸಮುದ್ರರ ಇರ್ತೈತಿ, ಇಲ್ಲಾ ಬರೀ ಹೊಳಿ ಇರ್ತೈತಿ,” ಎನ್ನುತ್ತಿದ್ದಳು ಜೊತೆ ಅಡುಗೆಯ ಯಲ್ಲಕ್ಕ.

ಹೀಗಿರುವಾಗ ಹೆಡ್‌ಮಾಸ್ತರು ಮನೋಹರ್ ಒಂದು ಮಂಗಳವಾರ ಅಡುಗೆಮನೆಗೆ ಇಣುಕಿದರು. “ಗುರುವಾರ ಕೌನ್ಸೆಲಿಂಗ್ ಐತಿ, ಹೊಳೆಮ್ಮ. ಹೊಸಪೇಟಿಯಿಂದ ಮೇಡಮ್ಮೋರು ಬರ್ತಾರ. ಅಕ್ಕಿ ಕೋಣಿ ಹಸನ ಮಾಡಿಡ್ರಿ.”

ಹೊಳೆಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಕೌನ್ಸೆಲಿಂಗ್ ಎಂದರೆ ಆ ಊರಿಗೆ ಗೊತ್ತಿದ್ದದ್ದು ಒಂದೇ: ಮಾಸ್ತರರ ವರ್ಗಾವಣೆ. ಹಿಂದಿನ ಕೌನ್ಸೆಲಿಂಗಿನಲ್ಲಿ ಗಣಿತದ ಹಾಲೇಶ್ ಮಾಸ್ತರು ಹೋದವರು ಹೋದರು, ಆ ಜಾಗ ಇನ್ನೂ ಖಾಲಿ. ಇರುವವರು ಮೂವರು. ಸಂಜೆ ನಲ್ಲಿಯ ಹತ್ತಿರ ಒಂದು ಕೊಡ ತುಂಬುವುದರೊಳಗೆ ಹೊಳೆಮ್ಮ ಸುದ್ದಿಯನ್ನು ಹನ್ನೆರಡು ಮನೆಗೆ ಮುಟ್ಟಿಸಿದಳು.

ಗುರುವಾರ ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸಿಳಿದ ಗಂಗಾಂಬಿಕಾ ಎಂಬ ಹುಡುಗಿಯನ್ನು ಶಾಲೆಯ ಗೇಟಿನಲ್ಲಿ ಹೆಂಗಸರ ದಂಡು ತಡೆಯಿತು. ಮುಂದೆ ಹೊಳೆಮ್ಮ.

“ನಮ್ಮ ಮಾಸ್ತರನ್ನ ಒಯ್ಯಾಕ ಬಿಡಂಗಿಲ್ರಿ!”

“ಒಯ್ದು ಎಲ್ಲಿ ಇಟ್ಕೊಳ್ಳಲಿ ಅಕ್ಕಾ? ನಮ್ಮನಿ ಭಾಳ ಸಣ್ಣದು,” ಎಂದಳು ಆ ಹುಡುಗಿ. “ನಾನು ಮಕ್ಕಳ ಜೋಡಿ ಮಾತಾಡಾಕ ಬಂದೀನಿ. ಮನಸ್ಸಿಗೆ ಬ್ಯಾಸರ, ಅಂಜಿಕಿ ಇದ್ರ ಕೇಳ್ತೀನಿ. ರೊಕ್ಕ ಇಲ್ಲ.”

ಪುಕ್ಕಟೆ ಎಂದೊಡನೆ ಹೊಳೆಮ್ಮನಿಗೆ ಅನುಮಾನ ಇನ್ನೂ ಹೆಚ್ಚಾಯಿತು. ಸೋತ ಬಾಯಿ ಸುಮ್ಮನಿರಬೇಕಲ್ಲ, ಇರಲಿಲ್ಲ. “ಅಂದ್ರ ಮೆಂಟಲ್ ಡಾಕ್ಟ್ರಾ?” ಎಂದಳು ಎಲ್ಲರಿಗೂ ಕೇಳುವಂತೆ.

ಆ ಒಂದು ಮಾತು ಸಾಕಾಯಿತು. ಅಕ್ಕಿ ಕೋಣೆ ಮೆಂಟಲ್ ಕೋಣೆಯಾಯಿತು. ಮೂರು ಗುರುವಾರ ಗಂಗಾಂಬಿಕಾ ಅಕ್ಕಿ ಚೀಲಗಳ ನಡುವೆ ಒಬ್ಬಳೇ ಕುಳಿತು ಎದ್ದುಹೋದಳು. ಒಂದು ಮಗುವೂ ಒಳಗೆ ಕಾಲಿಡಲಿಲ್ಲ.

ಎಂಟನೇ ಕ್ಲಾಸಿನ ಯಶೋಧರಾಳ ವಿಷಯ ಇಲ್ಲದಿದ್ದರೆ ಹೊಳೆಮ್ಮ ಅದನ್ನೂ ತನ್ನ ಗೆಲುವೆಂದೇ ಎಣಿಸುತ್ತಿದ್ದಳೇನೋ. ಮಳೆಗಾಲದಲ್ಲಿ ಆ ಹುಡುಗಿಯ ತಾಯಿ ತೀರಿಕೊಂಡಿದ್ದಳು. ಅಂದಿನಿಂದ ಅವಳು ಮಾತು ಬಿಟ್ಟಿದ್ದಳು. ಅನ್ನ ಹಾಕಿಸಿಕೊಂಡು ಹೋಗಿ ತಟ್ಟೆಯನ್ನು ನಾಯಿಯ ಮುಂದೆ ಇಡುತ್ತಿದ್ದಳು. ಬಡಿಸುವವಳ ಕಣ್ಣಿಗೆ ಅದು ತಪ್ಪುತ್ತದೆಯೇ? ಸಂಕ್ರಾಂತಿ ಆದ ಮೇಲೆ ಶಾಲೆ ಬಿಡಿಸುತ್ತೇನೆಂದು ಅವಳಪ್ಪ ಬಂದು ಹೇಳಿಹೋಗಿದ್ದ. ಹೆಡ್‌ಮಾಸ್ತರು ಅವಳನ್ನು ಕೋಣೆಯ ಬಾಗಿಲತನಕ ಕರೆತಂದರೆ, “ನಾ ಮೆಂಟಲ್ ಅಲ್ರೀ ಸರ್,” ಎಂದು ಓಡಿದಳು. ಎಷ್ಟೋ ದಿನದ ಮೇಲೆ ಆ ಹುಡುಗಿ ಬಾಯಿಬಿಟ್ಟಿದ್ದಳು. ಬಾಯಲ್ಲಿದ್ದದ್ದು ಹೊಳೆಮ್ಮನ ಮಾತು.

ನಾಲ್ಕನೇ ಗುರುವಾರ ಹೊಳೆಮ್ಮ ಸೆರಗು ಸಿಕ್ಕಿಸಿಕೊಂಡಳು.

“ಯಲ್ಲಕ್ಕ, ಅನ್ನ ನೋಡಿಕೋ. ನಾ ಮೆಂಟಲ್ ಆಗಿ ಬರ್ತೀನಿ.”

“ಹೋಗೋದ್ಯಾಕ? ಆಗೇ ಇದ್ದಿ.”

ಮಕ್ಕಳೆಲ್ಲ ನೋಡಲಿ ಎಂದು ಅಂಗಳದ ನಡುವೆಯೇ ನಡೆದು ಹೋದಳು. ಬಾಗಿಲನ್ನು ಅರ್ಧ ತೆರೆದೇ ಬಿಟ್ಟಳು. ಐದು ನಿಮಿಷದ ನಾಟಕ, ಅಷ್ಟೇ ಅವಳ ಲೆಕ್ಕ. ಅಕ್ಕಿ ಚೀಲದ ಮೇಲೆ ಕುಳಿತಳು. ಗಂಗಾಂಬಿಕಾ ನೀರಿನ ಬಾಟಲಿ ಮುಂದೆ ಸರಿಸಿದಳು.

“ಏನರ ಕೇಳ್ರಿ. ಮಕ್ಕಳು ನೋಡಾಕತ್ತಾರ,” ಎಂದು ಪಿಸುಗುಟ್ಟಿದಳು ಹೊಳೆಮ್ಮ.

“ಏನ್ ಕೇಳ್ಲಿ ಅಕ್ಕಾ?”

“ನಿಮ್ಮ ಕೆಲಸ ನಾ ಕಲಿಸಿಕೊಡ್ಬೇಕೇನು? ಮುಂಜಾನಿ ಎದ್ದು ಏನ್ ಮಾಡ್ತಿ ಅಂತರ ಕೇಳ್ರಿ.”

“ಮುಂಜಾನಿ ಎದ್ದು ಏನ್ ಮಾಡ್ತೀರಿ?”

“ಗಾಡಿ ಒರೆಸ್ತೀನಿ.”

“ಓಡಿಸಾಕ ಬರ್ತೈತೇನು?”

“ಇಲ್ಲ,” ಎಂದಳು ಹೊಳೆಮ್ಮ. ಆಮೇಲೆ, “ಆವತ್ತು ನನಗ ನಗು ಬಂದಿತ್ರಿ. ನಾ ನಗಲಿಲ್ಲ,” ಎಂದಳು.

ಅಷ್ಟೇ. ಅಣೆಕಟ್ಟಿನ ಗೇಟು ಎತ್ತಿದ ಹಾಗೆ ಬಂತು ಅಳು. ಗಟ್ಟಿಗಿತ್ತಿ ಎಂದು ಹೊಗಳಿಸಿಕೊಂಡವಳು ಅಕ್ಕಿ ಚೀಲ ತಬ್ಬಿಕೊಂಡು, ಮೂಗು ಸೋರಿಸಿಕೊಂಡು, ಇಡೀ ಶಾಲೆಗೆ ಕೇಳುವಂತೆ ಅತ್ತಳು. ಗಂಗಾಂಬಿಕಾ ಪುಸ್ತಕದ ಮಾತು ಒಂದೂ ಆಡಲಿಲ್ಲ. ಕುಳಿತೇ ಇದ್ದಳು. ಯಲ್ಲಕ್ಕನೂ ಒಲೆ ಬಿಟ್ಟು ಬಂದು ಕಿಟಕಿಗೆ ಕಿವಿ ಕೊಟ್ಟು ನಿಂತದ್ದರಿಂದ ಆ ದಿನದ ಅನ್ನ ತಳ ಹಿಡಿಯಿತು.

ಹೊಳೆಮ್ಮ ಹೊರಗೆ ಬಂದಾಗ ಬಾಗಿಲ ಪಕ್ಕದಲ್ಲಿ ಯಶೋಧರಾ ನಿಂತಿದ್ದಳು.

“ದೊಡ್ಡಮ್ಮ, ಒಳಗ ಸೂಜಿ ಚುಚ್ಚತಾರೇನು?”

“ಇಲ್ಲವ್ವ.”

“ಬೈತಾರೇನು?”

“ಇಲ್ಲ. ಆದ್ರ ಮೂಗು ಒರೆಸಾಕ ಬಟ್ಟಿ ಬೇಕು. ನಾ ದಡ್ಡಿ, ಸೊಂಟದಾಗ ಇಟ್ಕೊಂಡು ಮರೆತೆ. ತಗಾ.” ಹಸಿರು ಸೀರೆಯ ತುಂಡನ್ನು ತೆಗೆದು ಕೊಟ್ಟಳು. ಕೆಂಪು ಧೂಳು ಹತ್ತಿದ ಬಟ್ಟೆ. ಹುಡುಗಿ ಅದನ್ನು ಮುಷ್ಟಿಯಲ್ಲಿ ಹಿಡಿದು, ಒಳಗೆ ಹೋಗಿ, ಬಾಗಿಲು ಮುಂದಕ್ಕೆ ಎಳೆದುಕೊಂಡಳು.

ಒಂದೇ ದಿನಕ್ಕೆ ಯಾರ ಮನಸ್ಸೂ ಸರಿಹೋಗಲಿಲ್ಲ. ಗಂಗಾಂಬಿಕಾ ಎರಡು ಸಲ ಯಶೋಧರಾಳ ಅಪ್ಪನ ಜೊತೆ ಮಾತಾಡಲು ಅವರ ಮನೆಗೂ ಹೋಗಿಬಂದಳು. ಸಂಕ್ರಾಂತಿ ಆಯಿತು, ಯುಗಾದಿಯೂ ಆಯಿತು. ಯಶೋಧರಾ ಶಾಲೆಯಲ್ಲೇ ಇದ್ದಾಳೆ. ಈಗ ತಟ್ಟೆಯನ್ನು ನಾಯಿಗೆ ಇಡುವುದಿಲ್ಲ. “ದೊಡ್ಡಮ್ಮ, ಇವತ್ತು ಮತ್ತ ಹೊಳಿ,” ಎಂದು ಎಲ್ಲರೆದುರು ಕೂಗಿ ಉಪ್ಪು ಕೇಳುತ್ತಾಳೆ. ಹೊಳೆಮ್ಮನ ಮರ್ಯಾದೆ ಹೋಗುತ್ತದೆ. ಹೋಗಲಿ.

ಆ ಬಟ್ಟೆಯನ್ನು ಹುಡುಗಿ ವಾಪಸ್ ಕೊಟ್ಟಿಲ್ಲ, ಇವಳು ಕೇಳಿಲ್ಲ. ಇನ್ನೊಂದು ಸೀರೆ ಹರಿದುಕೊಂಡಿದ್ದಾಳೆ. ಬೆಳಿಗ್ಗೆ ಎದ್ದು, ಮುಖ ತೊಳೆಯುವ ಮೊದಲು, ಅದರಿಂದ ಗಾಡಿಯ ಸೀಟಿನ ಧೂಳು ಒರೆಸುತ್ತಾಳೆ. ಆಮೇಲೆ ಶಾಲೆಗೆ ನಡೆದುಕೊಂಡು ಹೋಗುತ್ತಾಳೆ.