ಮೂರು ಅಲೆ ಕಂಡ ಗಾಡಿ

ಭಕ್ತಬಂಧುಗಳೇ, ಕೈಯಲ್ಲಿರುವ ಕೆಲಸವನ್ನು ಗಳಿಗೆ ಹೊತ್ತು ಬದಿಗಿರಿಸಿ ಇತ್ತ ಕಿವಿಗೊಡಿರಿ. ಬಾಳೆಗುಳಿಯಲ್ಲಿ, ಹುಬ್ಬಳ್ಳಿಯ ರಸ್ತೆ ಹೆದ್ದಾರಿಯನ್ನು ಕೂಡುವ ಮಗ್ಗುಲಲ್ಲಿ, ತಗಡಿನ ಮಾಡಿನ ಕೆಳಗೆ ವಾಹನಗಳ ವೈರಿಂಗು ಮತ್ತು ಬ್ರೇಕಿನ ಕೆಲಸ ಮಾಡುವ ಮಧುಕರನ ಸಂಗತಿಯನ್ನು ನಿಮಗೆ ಹೇಳಬೇಕಾಗಿದೆ. ಭಗವಂತನು ಅವನಲ್ಲಿ ಒಂದು ಗುಣವನ್ನು ಬೆಳೆಸಿದ್ದಾನೆ. ಬೆಳೆಸಿದ ಬಗೆ ಸ್ವಲ್ಪ ಕಠಿಣವಾಗಿತ್ತು.

ಮಧುಕರನ ಬಳಿ ಗಾಡಿ ತಂದವರು ಮೊದಲು ಮಗುಚಿ ಹಾಕಿದ ಹಳೆಯ ಬ್ಯಾಟರಿ ಪೆಟ್ಟಿಗೆಯ ಮೇಲೆ ಕುಳಿತು, ಗಾಡಿ ಕೊಂಡ ದಿನದಿಂದ ಮೊದಲ್ಗೊಂಡು ಅದರ ಚರಿತ್ರೆಯನ್ನೆಲ್ಲ ಹೇಳಬೇಕು. ಹೇಳಿ ಮುಗಿಯುವ ತನಕ ಅವನು ನಟ್ಟು ಬಿಚ್ಚುವ ಪಾನಾ ಮುಟ್ಟುವುದಿಲ್ಲ. ಲಾರಿಯ ಚಾಲಕರು ಆ ಪೆಟ್ಟಿಗೆಗೆ ಕೋರ್ಟಿನ ಕಟಕಟೆ ಎಂದು ಹೆಸರಿಟ್ಟಿದ್ದರು. ಯಾರು ಏನು ಹೇಳಿದರೂ ಮಧುಕರ ನಗುತ್ತಿರಲಿಲ್ಲ.

ನಗದಿರುವುದಕ್ಕೆ ಕಾರಣ ಜಟ್ಟಿ. ೧೯೯೯ರಲ್ಲಿ ಲಾರಿ ಓಡಿಸುತ್ತಿದ್ದ ಜಟ್ಟಿ ಬಂದು, ಬ್ರೇಕು ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಅರಬೈಲ್ ಘಟ್ಟದ ಮೂರನೆಯ ತಿರುವಿನಲ್ಲಿ ಸುಟ್ಟ ಬೆಲ್ಲದ ವಾಸನೆ ಬರುತ್ತದೆ ಎಂದಿದ್ದ. ಮಧುಕರ ನಕ್ಕು, ಹಸಿದಿರಬೇಕು, ಉಂಡು ಹೋಗು ಎಂದು ಕಳಿಸಿದ. ಸುಡುತ್ತಿದ್ದುದು ಬ್ರೇಕಿನ ಲೈನರು. ಮರುವಾರ ಲಾರಿ ಚರಂಡಿಯಲ್ಲಿತ್ತು. ಜಟ್ಟಿ ಬದುಕಿದ, ಅವನ ಬಲಗೈ ಮಾತ್ರ ನೆಟ್ಟಗಾಗಲಿಲ್ಲ. ಅವನು ಲಾರಿ ಬಿಟ್ಟು ಮಧುಕರನ ಎದುರಿಗೇ ಚಹದಂಗಡಿ ತೆರೆದ. ದಿನಕ್ಕೆ ಎರಡು ಸಲ ಎಡಗೈಯಲ್ಲಿ ಚಹ ತಂದುಕೊಡುತ್ತಾನೆ. ಬೆಲ್ಲದ ವಾಸನೆಯ ಮಾತನ್ನು ಮಾತ್ರ ಒಮ್ಮೆಯೂ ಎತ್ತಿರಲಿಲ್ಲ. ಗುರುವಿನ ಉಪದೇಶ ಹೀಗೆ ಚಹದ ಲೋಟದಲ್ಲಿಯೂ ಬರುವುದುಂಟು.

೨೦೦೬ರ ಆಶ್ವೀಜದಲ್ಲಿ ಒಂದು ಸೋಮವಾರ ಸದಾಶಿವಗಡದ ಕಿಶನ ಮತ್ತು ಅವನ ಹೆಂಡತಿ ಹೀರಾ ಮಧುಕರನಲ್ಲಿಗೆ ಬಂದರು. ದೋಣಿಯಲ್ಲಿದ್ದ ಪಾಲನ್ನು ಮಾರಿ ಗೋವಾದಲ್ಲಿ ಒಂಬತ್ತು ವರ್ಷ ಹಳೆಯದಾದ ದೊಡ್ಡ ಜೀಪು ಗಾಡಿಯನ್ನು ಕೊಂಡವರು ಅವರು. ಹಿಂದಿನ ಸೀಟು ಕಿತ್ತು, ಮೀನಿನ ಪೆಟ್ಟಿಗೆ ಜೋಡಿಸಿ, ಕಿಶನ ವಾರಕ್ಕೆರಡು ಸಲ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಪೇಟೆಗೆ ಹೋಗಿಬರುತ್ತಿದ್ದ.

ಗಾಡಿಯ ಕಾಯಿಲೆ ಹೀಗಿತ್ತು: ಬ್ರೇಕು ಒತ್ತಿದೊಡನೆ ಟೇಪಿನಲ್ಲಿ ಭಜನೆ ನಿಲ್ಲುತ್ತಿತ್ತು. ಎರಡೂ ಬದಿಯ ಇಂಡಿಕೇಟರು ಮಂಕಾಗಿ ಬೆಳಗುತ್ತಿದ್ದವು. ಗಾಡಿ ಎಡಕ್ಕೆ ಸರಿಯುತ್ತಿತ್ತು. ಕಾರವಾರದಲ್ಲಿ ಒಬ್ಬ ಮೇಸ್ತ್ರಿ ಬ್ಯಾಟರಿ ಬದಲಿಸಿದ, ಇನ್ನೊಬ್ಬ ಡೈನಮೋ ಬದಲಿಸಿದ, ಮೂರನೆಯವನು ಟೇಪನ್ನೇ ಬದಲಿಸಿದ. ಹೊಸ ಟೇಪಿನಲ್ಲಿಯೂ ಭಜನೆ ಅದೇ ರೀತಿ ನಿಂತಿತು. ಆಗ ಕಿಶನ ತಾನೇ ಒಂದು ಪರಿಹಾರ ಕಂಡುಕೊಂಡ: ಬ್ರೇಕು ಒತ್ತುವುದನ್ನು ಕಡಿಮೆ ಮಾಡಿದ. ಇದನ್ನು ಕೇಳಿದ ಹೀರಾ, ಗಾಡಿ ಸರಿಯಾಗದೆ ಗಂಡನನ್ನು ಘಟ್ಟ ಇಳಿಯಲು ಬಿಡುವುದಿಲ್ಲವೆಂದು ಹಟ ಹಿಡಿದು, ತಾನೂ ಪಕ್ಕದಲ್ಲಿ ಕುಳಿತು ಬಾಳೆಗುಳಿಗೆ ಬಂದಳು. ಮುಂದಿನ ಮೀನಿನ ಹೇರು ಬುಧವಾರಕ್ಕೆ ನಿಗದಿಯಾಗಿತ್ತು.

ಕಿಶನ ಪೆಟ್ಟಿಗೆಯ ಮೇಲೆ ಕುಳಿತು ಚರಿತ್ರೆ ಹೇಳಿದ. ಜ್ಯೇಷ್ಠದಲ್ಲಿ ಕೊಂಡದ್ದು, ಚೆನ್ನಾಗಿ ಓಡಿದ್ದು, ಭಾದ್ರಪದದಲ್ಲಿ ಕೆಟ್ಟದ್ದು. ನಡುವೆ ಶ್ರಾವಣ ಎಲ್ಲಿ ಹೋಯಿತು ಎಂದು ಮಧುಕರ ಕೇಳಿದ. ಕಿಶನ ಗಾಡಿಗೆ ಕಟ್ಟಿದ್ದ ನಿಂಬೆಹಣ್ಣನ್ನು ನೋಡತೊಡಗಿದ.

ಹೀರಾ ಮುಂದೆ ಬಂದಳು. “ನಾ ಹೇಳ್ತೆ. ಆದ್ರೆ ನಗಾಡೂಕಿಲ್ಲ ಮತ್ತೆ, ಮಧುಕರಣ್ಣಾ.”

“ನಗಾಡೂದು ಬಿಟ್ಟು ಏಳು ವರ್ಷಾಯ್ತು. ಹೇಳಿ ಅಕ್ಕಾ.”

ಅವಳು ಹೇಳಿದಳು. ನೂಲು ಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ದೋಣಿ ನೀರಿಗಿಳಿಸುವುದು ಅವರ ಮನೆಯ ನಡೆ. ಈ ಸಲ ದೋಣಿಯಿಲ್ಲ, ಗಾಡಿಯಿದೆ. ಅನ್ನ ಕೊಡುವ ವಸ್ತು ಯಾವುದಿದ್ದರೂ ಮೂರು ಅಲೆ ಕಾಣಲೇಬೇಕೆಂದು ಅತ್ತೆ ಗಂಗೂ ತೀರ್ಮಾನ ಕೊಟ್ಟಳು. ಕುಂಕುಮ ಹಚ್ಚಿ ಗಾಡಿಯನ್ನು ಸಮುದ್ರಕ್ಕಿಳಿಸಿದರು. ಎರಡನೆಯ ಅಲೆಗೆ ಇಂಜಿನು ನಿಂತಿತು. ಮೂರನೆಯ ಅಲೆಗೆ ಕಾಯುವುದು ಆಮೇಲೆ ಕಷ್ಟವಾಗಲಿಲ್ಲ. ಇಪ್ಪತ್ತೆರಡು ಜನ ಬಲೆಯ ಹಗ್ಗ ಕಟ್ಟಿ ಮೇಲಕ್ಕೆ ಎಳೆದರು. ಊರು ಒಂದು ತಿಂಗಳು ನಕ್ಕಿತು. ಆದ್ದರಿಂದ ಕಾರವಾರದ ಮೇಸ್ತ್ರಿಗಳಿಗೆ ಈ ಭಾಗವನ್ನು ಹೇಳಿರಲಿಲ್ಲ.

“ಮೂರನೇ ಅಲೆ ಎಲ್ಲೀವರೆಗೆ ಬಂತು?” ಎಂದು ಮಧುಕರ ಕೇಳಿದ.

“ದೇವ್ರ ಫೋಟೋದವರೆಗೆ.”

“ಆಮೇಲೆ ಸಿಹಿನೀರಲ್ಲಿ ತೊಳೆದ್ರಾ?”

ಹೀರಾಳಿಗೆ ಆಶ್ಚರ್ಯವಾಯಿತು. “ತೀರ್ಥ ತೊಳೆದು ಹಾಕೂದಾ, ಅಣ್ಣಾ?”

ಮಧುಕರ ನಗಲಿಲ್ಲ. ಎದ್ದು ಪಾನಾ ತೆಗೆದುಕೊಂಡ.

ಮೊದಲು ಒಂದು ದಪ್ಪ ವೈರಿನ ತುದಿಯನ್ನು ಬ್ಯಾಟರಿಯ ನೆಗೆಟಿವಿಗೆ, ಇನ್ನೊಂದನ್ನು ಗಾಡಿಯ ಮೈಗೆ ಹಿಡಿದು, ಕಿಶನನಿಗೆ ಬ್ರೇಕು ಒತ್ತಲು ಹೇಳಿದ. ಭಜನೆ ನಿಲ್ಲಲಿಲ್ಲ, ಇಂಡಿಕೇಟರು ಬೆಳಗಲಿಲ್ಲ. ಬ್ಯಾಟರಿಯಿಂದ ಹೊರಟ ಕರೆಂಟು ಮರಳಿ ಬ್ಯಾಟರಿಗೇ ಸೇರಬೇಕು. ಅದು ಮರಳುವ ಅರ್ತಿಂಗ್ ವೈರು ಗಾಡಿಯ ಮೈಗೆ ಕೂಡುವಲ್ಲಿ ಉಪ್ಪು ತಿಂದು ಹಸಿರು ಪುಡಿಯಾಗಿತ್ತು. ಮನೆಯ ದಾರಿ ತಪ್ಪಿದ ಕರೆಂಟು ಕಂಡಕಂಡ ದೀಪಗಳಲ್ಲಿ ಅಲೆದಾಡುತ್ತಿತ್ತು. ನಮ್ಮ ಮನಸ್ಸಿನ ಪಾಡೂ ಇದೇ. ಆದರೆ ಆ ವಿಚಾರ ಗುರುವಾರದ ಭಜನೆಗಿರಲಿ.

ಬಳಿಕ ಗಾಡಿಯನ್ನು ಬೇಲೆಕೇರಿಯ ತನಕ ಓಡಿಸಿ, ದಾರಿಯುದ್ದಕ್ಕೂ ಬ್ರೇಕು ಹಾಕುತ್ತ ಮರಳಿ ತಂದ. ಇಳಿದವನೇ ಅಂಗೈ ತಿರುವಿ ಒಂದೊಂದು ಚಕ್ರದ ಬಳಿ ಹಿಡಿದು ನೋಡಿದ. ಮೂರು ಬಿಸಿ. ಮುಂದಿನ ಬಲಚಕ್ರ ತಣ್ಣಗೆ, ಕೆಲಸಕ್ಕೇ ಬಾರದವರಂತೆ. ಬಿಚ್ಚಿದಾಗ, ಬ್ರೇಕನ್ನು ಒತ್ತಬೇಕಾದ ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮುಂದೆ ಎಡಚಕ್ರವೊಂದೇ ಹಿಡಿಯುತ್ತಿದ್ದುದರಿಂದ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಅರಬೈಲ್ ಇಳಿಯುವಾಗ ಎಡಕ್ಕಿರುವುದು ಪ್ರಪಾತ. ಜಟ್ಟಿ ಖಾಲಿ ಲೋಟಗಳನ್ನು ಎತ್ತಿಕೊಂಡು ಹೋದ.

ಮಂಗಳವಾರ ಸಂಜೆಯೊಳಗೆ ಕೆಲಸ ಮುಗಿಯಿತು. ತಮ್ಮ ಪೂಜೆಯೇ ತಪ್ಪಾಯಿತೇ ಎಂದು ಹೀರಾ ತಗ್ಗಿದ ದನಿಯಲ್ಲಿ ಕೇಳಿದಳು.

“ಪೂಜೆ ಎಂತಕ್ಕೆ ತಪ್ಪಾಗೂದು ಅಕ್ಕಾ? ಬರೂ ವರ್ಷ ಕಾಯಿ ಸಮುದ್ರಕ್ಕೆ ಹೋಗ್ಲಿ, ಗಾಡಿ ದಂಡೆ ಮೇಲೆ ನಿಂತು ಕೈ ಮುಗೀಲಿ,” ಎಂದ ಮಧುಕರ. ಘಟ್ಟ ಇಳಿಯುವಾಗ ನಡುನಡುವೆ ನಿಲ್ಲಿಸಿ ಚಕ್ರ ಮುಟ್ಟಿ ನೋಡಬೇಕೆಂದು ಕಿಶನನಿಗೆ ಕಲಿಸಿಕೊಟ್ಟ.

ಬುಧವಾರ ಬೆಳಗ್ಗೆ ಕಿಶನ ಘಟ್ಟ ಹತ್ತಿದ. ಮೂರು ಗಂಟೆಗೆ ಮರಳಬೇಕಾದವನು. ಎರಡೂವರೆಗೇ ಹೀರಾ ಬಸ್ಸಿನಿಂದಿಳಿದು ಬಂದು ಬ್ಯಾಟರಿ ಪೆಟ್ಟಿಗೆಯ ಮೇಲೆ ಕುಳಿತಳು. ಮೂರಾಯಿತು, ನಾಲ್ಕಾಯಿತು. ಮಧುಕರ ಒಂದೇ ನಟ್ಟನ್ನು ಬಹಳ ಹೊತ್ತು ಒರೆಸಿದ. ಯಾರೂ ಕೇಳದೆಯೇ ಜಟ್ಟಿ ಮೂರನೆಯ ಸಲ ಚಹ ತಂದು, ಅಂಗಡಿಗೆ ಮರಳದೆ ಅಲ್ಲಿಯೇ ಕುಳಿತ.

ನಾಲ್ಕೂ ಮುಕ್ಕಾಲಿಗೆ ಹುಬ್ಬಳ್ಳಿಯ ರಸ್ತೆಯಿಂದ ಮೊದಲು ಭಜನೆ ಕೇಳಿಸಿತು, ಆಮೇಲೆ ಗಾಡಿ ಕಾಣಿಸಿತು. ಕಿಶನ ಅಂಗಡಿಯ ಮುಂದೆ ಬ್ರೇಕು ಒತ್ತಿದ. ಗಾಡಿ ನೆಟ್ಟಗೆ ನಿಂತಿತು, ಭಜನೆ ನಿಲ್ಲಲಿಲ್ಲ. ತಡವೇಕೆಂದು ಹೀರಾ ಕೇಳಿದ್ದಕ್ಕೆ, ಪ್ರತಿ ತಿರುವಿನಲ್ಲಿಯೂ ಇಳಿದು ನಾಲ್ಕೂ ಚಕ್ರ ಮುಟ್ಟಿದೆ, ನಡುನಡುವೆ ಎಂದರೆ ಎಷ್ಟೆಂದು ಮಧುಕರಣ್ಣ ಹೇಳಿರಲಿಲ್ಲ ಎಂದ.

ಮಧುಕರ ಸುತ್ತು ಹಾಕಿ ಬಂದು, “ನಾಲ್ಕೂ ಒಂದೇ ಬಿಸಿ,” ಎಂದ.

ಆಗ ಜಟ್ಟಿ ಎದ್ದು, ಮುಂದಿನ ಚಕ್ರದ ಬಳಿ ಬಾಗಿ ಮೂಸಿ ನೋಡಿದ.

“ಬೆಲ್ಲದ ವಾಸನೆ ಇಲ್ಲ, ಮಧುಕರಾ,” ಎಂದ.

ಏಳು ವರ್ಷಗಳಲ್ಲಿ ಆ ಮಾತು ಅವರಿಬ್ಬರ ನಡುವೆ ಬಂದುದು ಅದೇ ಮೊದಲು. ಮಧುಕರ ತಣ್ಣಗಾದ ಚಹವನ್ನು ಪೂರ್ತಿ ಕುಡಿದ.

ಆದ್ದರಿಂದ ಬಂಧುಗಳೇ, ನಾಳೆ ನಿಮ್ಮ ಮುಂದೆಯೂ ಯಾರಾದರೂ ಬಂದು ಕುಳಿತು ಬೆಲ್ಲದ ವಾಸನೆಯನ್ನೋ ಮೂರು ಅಲೆಯನ್ನೋ ಹೇಳಿಯಾರು. ಕೈಮುಗಿದು ಕೇಳಿಕೊಳ್ಳುತ್ತೇನೆ: ಕೊನೆಯ ಮಾತಿನ ತನಕ ನಗದೆ ಕೇಳಿರಿ. ಪಾನಾ ಆಮೇಲೆ ಹಿಡಿಯಿರಿ.