ಬಲಗಿವಿಗೆ ಹೇಳಿದ ಮಾತು

ಮುನಿರಾಜಣ್ಣ, ಅವತ್ತು ನಿಮ್ಮ ಕಿವಿ ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ. ನಾನು ‘ಬರುತ್ತೆ’ ಎಂದೇ ಹೇಳಿದ್ದೆ. ‘ಬರುತ್ತಂತೆ’ ಎಂದು ಹೇಳಿರಲಿಲ್ಲ. ಆಮೇಲೆ ಅಷ್ಟು ಜನರ ಎದುರು ನಿಂತು, ‘ಬರುತ್ತಂತೆ’ ಅಂದಿದ್ದೆ ಎಂದು ಸಾಧಿಸಿದೆನಲ್ಲ — ಅದು ಸುಳ್ಳು. ಬಾಯಿತಪ್ಪಿ ಬಂದದ್ದಲ್ಲ, ನೆನಪು ಮೋಸ ಮಾಡಿದ್ದೂ ಅಲ್ಲ, ಗೊತ್ತಿದ್ದೇ ಹೇಳಿದ್ದು.

ಬರೆದು ನೋಡಿದರೆ ನಾಲ್ಕೈದು ಸಾಲು. ಇಷ್ಟನ್ನು ಹೇಳಲು ಇಷ್ಟು ವರ್ಷ ಬೇಕಾಯಿತೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತಿದೆ. ಫೋನಿನಲ್ಲಿ ಹೇಳಿಬಿಡೋಣವೆಂದು ಎಷ್ಟೋ ಸಲ ನಿಮ್ಮ ನಂಬರ್ ತೆಗೆದಿದ್ದೇನೆ, ರಿಂಗ್ ಆಗುವ ಮೊದಲೇ ಕಟ್ ಮಾಡಿದ್ದೇನೆ. ಈಗಲೂ ಕೂತಲ್ಲಿ ಕೂರಲಾಗುತ್ತಿಲ್ಲ. ವೈಟ್‌ಫೀಲ್ಡಿನ ಈ ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು ಮರೆತು, ಅದು ಉಕ್ಕಿದ ಮೇಲೆ ಒರೆಸಿ, ಮತ್ತೆ ಬಂದು ಬರೆಯುತ್ತಿದ್ದೇನೆ.

ಇದನ್ನು ಓದುವ ಬೇರೆಯವರಿಗೆ ನಿಮ್ಮ ಪರಿಚಯವಿಲ್ಲ. ಅವರಿಗಾಗಿ ನಿಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹೆಬ್ಬಗೋಡಿಯಲ್ಲಿ ನಿಮ್ಮ ಮನೆಯ ಮೇಲಿನ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಕೆಳಗೆ, ರಸ್ತೆಗೆ ಮುಖ ಮಾಡಿ ನಿಮ್ಮ ಮೊಬೈಲ್ ಅಂಗಡಿ. ಹರೆಯದಲ್ಲಿ ಫ್ಯಾಕ್ಟರಿಯ ಪ್ರೆಸ್ ಮೆಷಿನ್ ಮುಂದೆ ನಿಂತು ತಗಡು ಒತ್ತುವ ಕೆಲಸ ಮಾಡಿ ನಿಮ್ಮ ಎಡಗಿವಿ ಹೋಗಿತ್ತು. ಬಲಗಿವಿ ಮಾತ್ರ ಬಹಳ ಚುರುಕು. ನಮ್ಮ ರಸ್ತೆಯಲ್ಲಿ ಇದು ಎಲ್ಲರಿಗೂ ಗೊತ್ತು. ಅಂಗಡಿಗೆ ಬಂದವರು ತಾವಾಗಿಯೇ ನಿಮ್ಮ ಬಲಗಡೆಗೆ ಬಂದು ನಿಲ್ಲುತ್ತಿದ್ದರು. ಹೊಸಬರು ಗೊತ್ತಿಲ್ಲದೆ ಎಡಗಡೆ ನಿಂತರೆ, ‘ಸಾರ್, ಈ ಕಡೆ ಬನ್ನಿ’ ಎಂದು ಯಾರಾದರೊಬ್ಬರು ಎಳೆದು ನಿಲ್ಲಿಸುತ್ತಿದ್ದರು.

ಆ ಒಂದು ಕಿವಿಗೆ ಊರಿನಲ್ಲಿ ದೊಡ್ಡ ಮರ್ಯಾದೆ. ಮನೆ ಬಾಡಿಗೆಯ ಮಾತಿರಲಿ, ಮಳಿಗೆ ಬಿಡಿಸುವ ಮಾತಿರಲಿ, ಎರಡೂ ಕಡೆಯವರು ನಿಮ್ಮ ಮುಂದೆ ಬಂದು ಹೇಳುತ್ತಿದ್ದರು. ನೀವು ಕೇಳಿಸಿಕೊಂಡು, ಅದನ್ನೇ ಸುತ್ತಲಿದ್ದವರಿಗೆಲ್ಲ ಕೇಳುವಂತೆ ಜೋರಾಗಿ ತಿರುಗಿ ಹೇಳುತ್ತಿದ್ದಿರಿ. ‘ಮುನಿರಾಜಣ್ಣನ ಮುಂದೆ ಮಾತಾಗಿದೆ’ ಎಂದರೆ ಮುಗಿಯಿತು, ಆಮೇಲೆ ತಕರಾರಿಲ್ಲ. ನಾನು ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು. ಅಲ್ಲಿ ನಲ್ಲಿ ಸೋರಿದರೂ ಅರ್ಜಿ ಬರೆಯಬೇಕು. ನಿಮ್ಮ ಈ ಪದ್ಧತಿ ನೋಡಿ ಮೊದಮೊದಲು ನಗು ಬಂದಿತ್ತು. ಆಮೇಲೆ ನನ್ನ ಬಾಡಿಗೆಯ ಮಾತೂ ಹಾಗೆಯೇ ಆಯಿತು, ಅದರಲ್ಲಿ ಒಂದು ದಿನವೂ ಹೆಚ್ಚುಕಡಿಮೆ ಬರಲಿಲ್ಲ.

ನಿಮ್ಮದೊಂದೇ ಕಟ್ಟಳೆ. ‘ಅಂತೆ ಕಂತೆ ನನ್ ಮುಂದೆ ಬ್ಯಾಡ.’ ಯಾರಾದರೂ ಮಾತಿನ ಕೊನೆಗೆ ‘ಅಂತೆ’ ಸೇರಿಸಿದರೆ — ಕೊಡ್ತಾರಂತೆ, ಬಿಡ್ತಾರಂತೆ — ನೀವು ಅಲ್ಲೇ ಕೈ ಎತ್ತಿ ತಡೆಯುತ್ತಿದ್ದಿರಿ. ‘ಅವರನ್ನೇ ಕರ್ಕೊಂಡ್ ಬಾ. ಅವರ ಬಾಯಲ್ಲೇ ಕೇಳ್ತೀನಿ.’ ಅನ್ನದಲ್ಲಿ ಕಲ್ಲು ಸಿಕ್ಕವರ ಹಾಗೆ ಆ ಎರಡಕ್ಷರಕ್ಕೆ ನಿಮ್ಮ ಮುಖ ಕಿವುಚಿಕೊಳ್ಳುತ್ತಿತ್ತು. ಅಂಥ ನಿಮಗೇ ಅದೇ ಎರಡಕ್ಷರ ಕಿವಿಗೆ ಬೀಳಲಿಲ್ಲ ಎಂದು ನಾನು ನಂಬಿಸಿದ್ದು — ಇರಲಿ, ಅದಕ್ಕೆ ಬರುತ್ತೇನೆ.

ಆಗ ನನ್ನ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿತ್ತು. ಕೈಯಲ್ಲಿ ಹಿಡಿದು ಆಡುವ ಹೊಸ ಗೇಮ್ ಯಂತ್ರವೊಂದನ್ನು ಮಾಡುತ್ತಿದ್ದೆವು. ಅದರ ಹೆಚ್ಚುಗಾರಿಕೆಯೆಂದರೆ ಅದರ ಹಿಡಿ ಬಿಸಿಯಾಗುತ್ತಿತ್ತು, ತಣ್ಣಗೂ ಆಗುತ್ತಿತ್ತು. ಆಟದಲ್ಲಿ ಹಿಮದ ಬೆಟ್ಟ ಹತ್ತಿದರೆ ಅಂಗೈ ತಣ್ಣಗೆ, ಬೆಂಕಿಯ ಹತ್ತಿರ ಹೋದರೆ ಬೆಚ್ಚಗೆ. ಮೇಲಿನ ಸಣ್ಣ ಕಿಂಡಿಯಿಂದ ಮುಖಕ್ಕೆ ಗಾಳಿ ಬೇರೆ ಬೀಸುತ್ತಿತ್ತು. ದೋಸೆ ಹುಯ್ಯುವ ಆಟವೊಂದನ್ನು ನಾವೇ ಮಾಡಿದ್ದೆವು, ಕಾವಲಿ ಕಾದರೆ ಆಡುವವರ ಕೈಯೂ ಕಾಯುತ್ತಿತ್ತು. ಆಫೀಸಿಗೆ ಬಂದವರೆಲ್ಲ ಅದನ್ನು ಹಿಡಿದು ಮಕ್ಕಳಂತೆ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಎಲ್ಲರೂ ಕೇಳಿದ್ದು ಒಂದೇ — ಇದರಲ್ಲಿ ಬೇರೆ ಏನೇನು ಆಡಬಹುದು?

ಆ ‘ಬೇರೆ ಏನೇನು’ ತರುವುದೇ ನನ್ನ ಕೆಲಸವಾಗಿತ್ತು. ಜನ ಈಗಾಗಲೇ ಇಷ್ಟಪಟ್ಟು ಆಡುವ ಆಟಗಳನ್ನು, ಮುಖ್ಯವಾಗಿ ಕ್ರಿಕೆಟ್ ಆಟವನ್ನು, ಮಾಡಿದ ಕಂಪನಿಗಳ ಬೆನ್ನು ಹತ್ತಿ, ನಮ್ಮ ಯಂತ್ರಕ್ಕೂ ಹೊಂದಿಸಿ ಕೊಡಿ ಎಂದು ಒಪ್ಪಿಸಬೇಕಿತ್ತು. ಯಾರೂ ಒಪ್ಪಲಿಲ್ಲ. ಮೊದಲು ನಿಮ್ಮ ಯಂತ್ರ ಜನರ ಕೈಗೆ ಹೋಗಲಿ, ಆಮೇಲೆ ಬನ್ನಿ ಎಂದರು. ಆಟವಿಲ್ಲದೆ ಜನ ಕೊಳ್ಳುವುದಿಲ್ಲ, ಜನ ಕೊಳ್ಳದೆ ಆಟ ಬರುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಹಾಗಾಯಿತು ನಮ್ಮ ಪಾಡು.

ಕ್ರಿಕೆಟ್ ಆಟದ ಕಂಪನಿಯಲ್ಲಿ ನನ್ನೊಂದಿಗೆ ಮಾತಾಡಿದವರು ಕನ್ನಡದವರೇ. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, ಕೊನೆಗೆ ‘ನೋಡೋಣ ಮೇಡಂ’ ಎಂದರು. ‘ನೋಡೋಣ’ ಅಂದರೆ ಇಲ್ಲ ಎಂದೇ ಅರ್ಥ. ಬಂದವರ ಮನಸ್ಸು ನೋಯಿಸದೆ ಬಾಗಿಲವರೆಗೆ ಕಳಿಸಿಕೊಡುವ ಮಾತು ಅದು. ಕನ್ನಡ ಬಲ್ಲ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನಗೂ ಬೇಕಿರಲಿಲ್ಲ. ನಮ್ಮ ಮ್ಯಾನೇಜರ್ ಅರವಿಂದ್‌ಗೆ ಹೋಗಿ ಹೇಳಿದೆ. ಅವರು ಯಂತ್ರದ ಹಿಡಿಯನ್ನು ಬಿಸಿ ಮಾಡಿ, ತಣ್ಣಗೆ ಮಾಡಿ, ಮತ್ತೆ ಬಿಸಿ ಮಾಡುತ್ತ ಕೂತಿದ್ದರು. ‘ಡಬ್ಬದ ಮೇಲೆ ಕ್ರಿಕೆಟ್ ಕಮಿಂಗ್ ಸೂನ್ ಅಂತ ಹಾಕೋಣ ಸುಮಾ. ಸೂನ್ ಅಂದ್ರೆ ಯಾವಾಗ ಅಂತ ಯಾರೂ ಕೇಳಲ್ಲ’ ಎಂದರು. ನಾನೂ ನಕ್ಕೆ. ಆ ನಗು ನೆನೆದರೆ ಈಗ ಮೈ ಉರಿಯುತ್ತದೆ.

ಮೊದಲು ಫ್ಯಾಕ್ಟರಿಗಳ ಸುತ್ತಮುತ್ತಲಿನ ಅಂಗಡಿಗಳಲ್ಲಿ ಮಾರಿ ನೋಡೋಣ ಎಂದು ಕಂಪನಿ ತೀರ್ಮಾನಿಸಿದಾಗ ನಿಮ್ಮ ಅಂಗಡಿಯ ಹೆಸರು ಹೇಳಿದವಳು ನಾನೇ. ನಿಮಗೆ ಒಳ್ಳೆಯದಾಗಲಿ ಎಂದು ಹೇಳಿದೆನೇ? ಹಾಗೆ ಬರೆಯುವ ಆಸೆಯಾಗುತ್ತಿದೆ. ನಿಜವೆಂದರೆ ಆಟ ತರಲಾಗದವಳು ಅಂಗಡಿಯನ್ನಾದರೂ ತಂದೆ ಎನ್ನಿಸಿಕೊಳ್ಳಬೇಕಿತ್ತು.

ಒಂದು ಸಂಜೆ, ನೀವು ಅಂಗಡಿಗೆ ದೀಪ ಹಚ್ಚಿ ಕೈ ಮುಗಿದ ಮೇಲೆ, ಯಂತ್ರವನ್ನು ನಿಮ್ಮ ಕೈಗಿತ್ತೆ. ಹಿಡಿ ಬಿಸಿಯಾದದ್ದೇ ನಿಮಗೆ ನಗು ಬಂತು. ಒಳಗಿದ್ದ ನಿಮ್ಮ ಮನೆಯವರನ್ನು, ಜಯಮ್ಮನವರನ್ನು, ಕೂಗಿದಿರಿ. ‘ಜಯಾ, ಬಾರೆ ಇಲ್ಲಿ. ಇನ್ಮೇಲೆ ಇದ್ರ ಮೇಲೇ ಕಾಫಿ ಕಾಯ್ಸು.’ ಆಮೇಲೆ ಯಂತ್ರವನ್ನು ಕೌಂಟರಿನ ಗಾಜಿನ ಮೇಲಿಟ್ಟು ಗಂಭೀರವಾದಿರಿ.

‘ಎಲ್ಲ ಚೆನ್ನಾಗೈತೆ ಸುಮಮ್ಮ. ಆದ್ರೆ ಒಟ್ಟೆಗೆ ಇಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಊವು ಅನ್ನಂಗಾಗ್ಬಾರ್ದು. ಬಿಸಿ ಎಷ್ಟೊತ್ತು ಇಡ್ಕೊಂಡಿರ್ತಾರೆ? ನಮ್ ಉಡುಗ್ರು ಕೇಳೋದು ಕ್ರಿಕೆಟ್ಟು. ಕ್ರಿಕೆಟ್ ಬತ್ತದಾ?’

ಕತ್ತು ತಿರುಗಿಸಿ ಬಲಗಿವಿಯನ್ನು ನನ್ನ ಕಡೆಗೆ ಕೊಟ್ಟಿರಿ. ನಾನು ನಿಂತಿದ್ದದ್ದೂ ಬಲಗಡೆಯೇ, ಚಾರ್ಜರುಗಳನ್ನು ನೇತುಹಾಕಿದ ಕಂಬಿಯ ಪಕ್ಕದಲ್ಲಿ. ಆ ಗಳಿಗೆಯಲ್ಲಿ ರಸ್ತೆಯಲ್ಲಿ ಬಸ್ಸಿನ ಸದ್ದೂ ಇರಲಿಲ್ಲ.

‘ಬರುತ್ತೆ’ ಎಂದೆ.

‘ನೋಡೋಣ ಅಂದಿದ್ದಾರೆ’ ಎಂದಿದ್ದರೆ ನಿಮಗೆ ಎಲ್ಲ ತಿಳಿಯುತ್ತಿತ್ತು. ‘ಬರುತ್ತಂತೆ’ ಎಂದಿದ್ದರೂ ನೀವು ಕೈ ಎತ್ತುತ್ತಿದ್ದಿರಿ, ಅವರನ್ನೇ ಕರ್ಕೊಂಡ್ ಬಾ ಎನ್ನುತ್ತಿದ್ದಿರಿ. ಅದು ನನಗೆ ಗೊತ್ತಿತ್ತು. ಬಾಯಿಯ ತುದಿಗೆ ಬಂದಿದ್ದ ‘ಅಂತೆ’ಯನ್ನು ನುಂಗಿದ್ದು ಅದಕ್ಕೇ. ನೀವು ತಲೆಯಾಡಿಸಿ, ‘ಸರಿ. ನೀನ್ ಏಳಿದ್ಮೇಲೆ ಮುಗೀತು, ಇಡ್ತೀನಿ’ ಎಂದಿರಿ.

ನೀವು ಇಟ್ಟಿರಿ, ಮಾರಿದಿರಿ. ಕೊಂಡವರು ಡಬ್ಬದ ಮೇಲಿನ ಬರಹವನ್ನು ನಂಬಿ ಕೊಳ್ಳಲಿಲ್ಲ, ನಿಮ್ಮ ಬಾಯಿಯನ್ನು ನಂಬಿ ಕೊಂಡರು. ಕ್ರಿಕೆಟ್ ಬತ್ತದಾ ಅಣ್ಣ ಎಂದರೆ, ಬತ್ತದೆ ಎನ್ನುತ್ತಿದ್ದಿರಿ. ಮಾವಿನ ಕಾಲ ಬಂತು, ಹೋಯಿತು, ಗಣಪತಿ ಕೂರಿಸಿದರು, ಬಿಟ್ಟರು, ಕ್ರಿಕೆಟ್ ಬರಲಿಲ್ಲ. ದೋಸೆ ಹುಯ್ದು ಹುಯ್ದು ಜನಕ್ಕೆ ಬೇಜಾರಾಯಿತು. ನಿಮ್ಮ ಅಂಗಡಿಗೆ ‘ಬತ್ತದೆ ಅಂಗಡಿ’ ಎಂದು ಹೆಸರು ಬಿತ್ತು. ಎಲ್ಲಿದ್ದೀಯಾ ಮಗಾ ಎಂದು ಫೋನಿನಲ್ಲಿ ಕೇಳಿದರೆ, ಬತ್ತದೆ ಅಂಗಡಿ ಹತ್ರ ಎನ್ನುವುದು ನನಗೆ ಮೆಟ್ಟಿಲ ಮೇಲೆಯೇ ಕೇಳಿಸುತ್ತಿತ್ತು. ನಾನು ಬೇಗಬೇಗ ಇಳಿದು, ನಿಮ್ಮ ಕಡೆ ನೋಡದೆ ಆಫೀಸಿಗೆ ಹೋಗುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಯಂತ್ರ ಕೊಂಡವರೆಲ್ಲ ಒಟ್ಟಿಗೆ ಬಂದರು. ಅತ್ತಿಬೆಲೆಯ ಫ್ಯಾಕ್ಟರಿಗೆ ಹೋಗುವ ಅಣ್ಣತಮ್ಮಂದಿರಿಬ್ಬರು ಯಂತ್ರವನ್ನು ಗಾಜಿನ ಮೇಲಿಟ್ಟು, ‘ಕೈ ಕಾಯ್ಸ್ಕೊಳ್ಳಕ್ಕೆ ನಾಕು ಸೌದೆ ಸಾಕಿತ್ತಲ್ಲ ಯಜಮಾನ್ರೆ’ ಎಂದರು. ಎಲ್ಲರೂ ನಕ್ಕರು. ನೀವು ನಗಲಿಲ್ಲ. ಮೆಟ್ಟಿಲ ಕಡೆಗೆ ತಿರುಗಿ, ಮೇಲೆ ಹತ್ತುತ್ತಿದ್ದ ನನ್ನನ್ನು ಕರೆದಿರಿ.

‘ಸುಮಮ್ಮ, ಬಾಮ್ಮ ಇಲ್ಲಿ. ಬತ್ತದೆ ಅಂತ ನೀನ್ ತಾನೆ ಏಳಿದ್ದು? ಇವ್ರಿಗೂ ಒಂದ್ ಮಾತು ಏಳು.’

ನನ್ನನ್ನು ಸಿಕ್ಕಿಸಬೇಕೆಂದು ಕರೆದದ್ದಲ್ಲ ಅದು. ಅವಳು ಬಂದು ಹೇಳಿದರೆ ಸರಿಹೋಗುತ್ತದೆ ಎಂದು ನಂಬಿ ಕರೆದದ್ದು. ಎಲ್ಲರೂ ನನ್ನನ್ನು ನೋಡಿದರು. ನನ್ನ ಕೈಯಲ್ಲಿ ಹಾಲಿನ ಪಾಕೀಟಿತ್ತು.

‘ಬರುತ್ತಂತೆ ಅಂದಿದ್ದೆ ಅಣ್ಣ’ ಎಂದೆ. ‘ಕಂಪನಿಯವರು ಹೇಳ್ತಿದ್ರು, ಅದಕ್ಕೇ ಬರುತ್ತಂತೆ ಅಂದೆ.’

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ನೀವು ‘ಇಲ್ಲವಲ್ಲಾ’ ಎನ್ನುವಂತೆ ನನ್ನ ಮುಖವನ್ನೇ ನೋಡುತ್ತಿದ್ದಿರಿ. ಆಗ — ಈ ವಾಕ್ಯವನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ — ‘ನಾನು ಅವತ್ತು ಎಡಗಡೆ ನಿಂತಿದ್ದೆ ಅನ್ಸುತ್ತೆ’ ಎಂದೆ.

ಯಾರೋ ಹಿಂದಿನಿಂದ, ‘ಪಾಪ, ಅಣ್ಣಂಗೆ ಕಿವಿ’ ಎಂದರು. ನಿಮ್ಮ ಕೈ ತಾನಾಗಿಯೇ ಎಡಗಿವಿಗೆ ಹೋಯಿತು. ‘ಅಯ್ಯೋ, ನಂದೇ ತಪ್ಪು ಕಣಮ್ಮ. ಕೊನೇದು ಬಿಟ್ಟೋಗೈತೆ’ ಎಂದಿರಿ. ನನ್ನ ಬಳಿ ಕ್ಷಮೆ ಕೇಳಿದವರಂತೆ ನಕ್ಕಿರಿ. ಅವರೆಲ್ಲರ ಯಂತ್ರಗಳನ್ನು ಒಂದೂ ಬಿಡದೆ, ದುಡ್ಡು ಕೊಟ್ಟು ವಾಪಸ್ ತೆಗೆದುಕೊಂಡು ಮೇಲಿನ ಹಲಗೆಗೆ ಜೋಡಿಸಿದಿರಿ. ನಾನು ಹಾಲು ತೆಗೆದುಕೊಂಡು ಮೇಲೆ ಹೋದೆ.

ಅದಾದ ಮೇಲೆ ಬಾಡಿಗೆಯ ಮಾತಿಗೆಂದು ಬಂದವರನ್ನು ನೀವು ಹಿಂದಕ್ಕೆ ಕಳಿಸತೊಡಗಿದಿರಿ. ‘ನನ್ ಕಿವಿ ನಂಬ್ಕೋಬ್ಯಾಡ್ರಪ್ಪ, ಬರೆಸ್ಕೊಳ್ಳಿ’ ಎನ್ನುವುದನ್ನು ನಾನೇ ಕೇಳಿದ್ದೇನೆ. ಯಂತ್ರ ಮಾರುಕಟ್ಟೆಯಿಂದ ಮಾಯವಾಯಿತು. ಜನ ಇನ್ನೂ ಇಂಥದ್ದಕ್ಕೆ ತಯಾರಾಗಿಲ್ಲ ಎಂದು ಅರವಿಂದ್ ಮೀಟಿಂಗಿನಲ್ಲಿ ಹೇಳಿದರು, ಎಲ್ಲರೂ ತಲೆಯಾಡಿಸಿದೆವು. ನನಗೆ ವೈಟ್‌ಫೀಲ್ಡಿನಲ್ಲಿ ಬೇರೆ ಕೆಲಸ ಸಿಕ್ಕಿತು. ಮನೆ ಖಾಲಿ ಮಾಡುವಾಗ ಜಯಮ್ಮನವರು ಮಡಿಲು ತುಂಬಿ ಕಳಿಸಿದರು.

ಇದನ್ನೆಲ್ಲ ನುಂಗಿಕೊಂಡೇ ಇದ್ದುಬಿಡುತ್ತಿದ್ದೆನೋ ಏನೋ. ಕಳೆದ ವಾರ ಆ ಕಡೆ ಕೆಲಸವಿತ್ತೆಂದು ಬಂದಿದ್ದೆನಲ್ಲ — ಅಂಗಡಿಯಲ್ಲಿ ಜಯಮ್ಮನವರು ಕೂತಿದ್ದರು. ನೀವು ಒಳಗಿನಿಂದ ಬಂದು ನನ್ನನ್ನು ನೋಡಿ ಸಂತೋಷಪಟ್ಟಿರಿ. ಚೆನ್ನಾಗಿದ್ದೀರಾ ಅಣ್ಣ ಎಂದರೆ, ಬಲಗಿವಿಯನ್ನು ಕೊಟ್ಟು, ಸಾಲದೆ ನನ್ನ ತುಟಿಯನ್ನೂ ನೋಡುತ್ತ, ‘ಏನಂದೆ? ಇನ್ನೊಂದ್ ಸಲ ಏಳಮ್ಮ’ ಎಂದಿರಿ. ನೀವು ನನಗಾಗಿ ಎಳನೀರು ತರಲು ಹೋದಾಗ ಜಯಮ್ಮನವರು ಹೇಳಿದರು.

‘ಎಲ್ಲಾರ್ ಹತ್ರಾನೂ ಎರಡೆರಡ್ ಸಲ ಏಳಿಸ್ಕೊಂತಾರೆ. ಡಾಕ್ಟ್ರತ್ರ ಕರ್ಕೊಂಡೋಗಿದ್ದೆ. ಮಿಷಿನ್ ಇಟ್ಟು ನೋಡಿ, ಬಲಗಿವಿ ಏನೂ ಆಗಿಲ್ಲ, ಚೆನ್ನಾಗೈತೆ ಅಂದ್ರು. ಇವ್ರು ನಂಬಲ್ಲ. ಡಾಕ್ಟ್ರಿಗೇನ್ ಗೊತ್ತು, ಸುಮಮ್ಮ ಯಾಕ್ ಸುಳ್ಳೇಳ್ತಾಳೆ ಅಂತಾರೆ.’

ನೀವು ಎಳನೀರು ತಂದುಕೊಟ್ಟಿರಿ. ಅರ್ಧ ಬಿಟ್ಟು, ಬಸ್ಸು ಬಂತು ಎಂದು ಹೊರಟೆ. ಬಸ್ಸೂ ಬಂದಿರಲಿಲ್ಲ.

ಮುನಿರಾಜಣ್ಣ, ನನಗೆ ಕೆಲಸ ಹೋಗುವ ಭಯವಿತ್ತು, ಅರವಿಂದ್ ಹಾಗಂದರು, ಹೀಗಂದರು — ಇದನ್ನೆಲ್ಲ ಹೇಳಬಹುದು. ಹೇಳುವುದಿಲ್ಲ. ಕ್ರಿಕೆಟ್ ಬರದೇ ಹೋದದ್ದು ಕಂಪನಿಯ ತಪ್ಪಿರಬಹುದು. ನಿಮ್ಮ ಒಳ್ಳೆಯ ಕಿವಿಯ ಮೇಲೆ ನಿಮಗಿದ್ದ ನಂಬಿಕೆಯನ್ನು ಕಿತ್ತುಕೊಂಡದ್ದು ನಾನೊಬ್ಬಳೇ.

ಈ ಭಾನುವಾರ ಬರುತ್ತೇನೆ. ಹಾಗೆನ್ನುವ ಮುಖ ನನಗಿಲ್ಲ, ಗೊತ್ತು. ಬಂದ ಮೇಲೆಯೇ ನಂಬಿ. ಅತ್ತಿಬೆಲೆಯ ಆ ಅಣ್ಣತಮ್ಮಂದಿರನ್ನೂ ಕರೆಸಿ, ಅವತ್ತು ಇದ್ದವರಲ್ಲಿ ಯಾರು ಸಿಕ್ಕರೆ ಅವರನ್ನೆಲ್ಲ ಕರೆಸಿ. ನಾನು ನಿಮ್ಮ ಬಲಗಡೆ, ಚಾರ್ಜರುಗಳ ಕಂಬಿಯ ಪಕ್ಕದಲ್ಲೇ ನಿಂತು ಹೇಳುತ್ತೇನೆ. ನೀವು ಮೊದಲಿನ ಹಾಗೆ ಅದನ್ನು ಎಲ್ಲರಿಗೂ ಕೇಳುವಂತೆ ಜೋರಾಗಿ ತಿರುಗಿ ಹೇಳಬೇಕು. ಸುಳ್ಳು ಹೇಳಿದ್ದು ಸುಮಾ ಎಂದೇ ಹೇಳಬೇಕು.

ನಾನು ಒಂದೇ ಸಲ ಹೇಳುತ್ತೇನೆ. ಇನ್ನೊಂದು ಸಲ ಕೇಳಬೇಡಿ, ಅಣ್ಣ. ನಿಮಗೆ ಸರಿಯಾಗಿಯೇ ಕೇಳಿಸಿರುತ್ತದೆ.