ಹೆಣ್ಣಿನ ಕಡೆಯವರೆಂದುಕೊಂಡೆ

ನನ್ನ ತಮ್ಮ ಸಾಲ ಮಾಡಿ ಬೈಕು ಕೊಂಡದ್ದು ನನಗೆ ಗೊತ್ತಿತ್ತು. ಎರಡು ಕಂತು ಬಾಕಿ ಇದ್ದದ್ದು ಗೊತ್ತಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಅವನ ಮದುವೆಯೊಂದೇ. ಹೆಣ್ಣು ಸಿಗುವುದು ಕಷ್ಟವಾಗಿದ್ದ ಕಾಲ ಅದು. ಆರು ಕಡೆ ಜಾತಕ ವಾಪಸು ಬಂದು, ಏಳನೆಯದು ಸಿದ್ದಾಪುರದಲ್ಲಿ ಹೊಂದಿತ್ತು. ಸಂಬಂಧ ತಂದವನು ತಮ್ಮನ ಗೆಳೆಯ. ಇನ್ನು ಹೆಣ್ಣಿನ ಕಡೆಯವರು ಯಾರನ್ನಾದರೂ ಗುಟ್ಟಾಗಿ ವಿಚಾರಣೆಗೆ ಕಳಿಸುವುದು ವಾಡಿಕೆ. ನಾನು ಯಲ್ಲಾಪುರದ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತ ಬಾಗಿಲನ್ನೇ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಬಗಲಲ್ಲಿ ಫೈಲು ಹಿಡಿದ ಒಬ್ಬ ಬಂದ. "ನಿಮ್ಮ ತಮ್ಮ ಎಲ್ಲಿ ಕೆಲಸಾ ಮಾಡ್ತಾರ್ರೀ? ದಿನಾ ಎಷ್ಟ ದುಡೀತಾರ್ರೀ?"

ಮಾತು ಹುಬ್ಬಳ್ಳಿ ಕಡೆಯದು. ಗುರುತಾಗದಿರಲೆಂದು ಪರ ಊರಿನವನನ್ನೇ ಕಳಿಸಿದ್ದಾರೆ, ಜಾಣರು ಎಂದುಕೊಂಡೆ. ಕೂರಿಸಿ ಚಹಾ ಕೊಟ್ಟೆ. ಡಬ್ಬದಲ್ಲಿದ್ದ ಕಬ್ಬಿನ ಹಾಲಿನ ಸಿಹಿ ತೊಡದೇವು ಕೊಟ್ಟೆ. ಎಲೆ ಅಡಿಕೆಯ ಕವಳದ ತಟ್ಟೆಯನ್ನೂ ಮುಂದಿಟ್ಟೆ.

"ಮೋಟರ್ ರಿಪೇರಿ. ಊರೂರಿಗೆ ಬೈಕಲ್ಲಿ ಹೋಗ್ತ. ಕುಡಿತ ಇಲ್ಲೆ, ಇಸ್ಪೀಟು ಇಲ್ಲೆ. ಕೈಗೆ ಬಂದ ದುಡ್ಡು ಬಿಚ್ಚೂದೇ ಇಲ್ಲೆ."

"ಅದು ನಮಗೂ ಅನುಭವ ಆಗೇದ್ರೀ," ಎಂದ ಅವನು.

ನನಗೆ ಅದೂ ಹೊಗಳಿಕೆಯಂತೆಯೇ ಕೇಳಿಸಿತು. "ನಿಮ್ಮನ್ನ ಹುಡುಗಿ ಅಪ್ಪ ಕಳ್ಸಿದ್ದಲ್ದಾ? ಸಿದ್ದಾಪುರ ಬಸ್ ಸ್ಟ್ಯಾಂಡ್ ಎದುರು ಬಟ್ಟೆ ಅಂಗಡಿ?"

ಅವನು ಪೆನ್ನು ತೆಗೆದು, "ಹೌದ್ರೀ, ಅವರ ಕಳಿಸ್ಯಾರ," ಎಂದು ಫೈಲಿನಲ್ಲಿ ಬರೆದುಕೊಂಡ.

ಬಂದವನು ಬೈಕಿಗೆ ಸಾಲ ಕೊಟ್ಟ ಕಂಪನಿಯ ವಸೂಲಿಯವನು. ಮರುದಿನ ಆ ಬಟ್ಟೆ ಅಂಗಡಿಗೆ ಹೋಗಿ, ಗಿರಾಕಿಗಳ ಎದುರೇ, ನಿಮ್ಮ ಅಳಿಯ ಆಗುವವನು ಕಂತು ಕಟ್ಟಿಲ್ಲವೆಂದು ದೊಡ್ಡ ದನಿಯಲ್ಲಿ ಹೇಳಿದನಂತೆ. ಸಂಜೆಯೇ "ಸದ್ಯಕ್ಕೆ ಬೇಡ" ಎಂದು ಫೋನು ಬಂತು.

ತಮ್ಮ ಕುದಿಯುತ್ತಿದ್ದ. "ಅಂಗಡಿ ಗೊತ್ತಿದ್ದದ್ದು ಅಂವ ಒಬ್ಬಂಗೇ. ಸಂಬಂಧ ತಂದಂವನೇ ಮುರ್ದ!" ಎಂದು ಗೆಳೆಯನ ಜೊತೆ ಮಾತು ಬಿಟ್ಟ. ನಾನು ಹೇಳಬಹುದಿತ್ತು. "ಹೌದಾ, ಛೇ" ಎಂದು ಮಷಿನ್ನು ತುಳಿದೆ. ಹಾಗೆ ಒಂದು ವಾರ ತುಳಿದೆ.

ಕೊನೆಗೆ ಕಂಪನಿಯ ಮೇಲೆ ದೂರು ಬರೆಸಲು ಶಿರಸಿ ಕೋರ್ಟಿನ ಬಳಿ ಅರ್ಜಿ ಬರೆದುಕೊಡುವ ಮುದುಕರ ಹತ್ತಿರ ಹೋದೆವು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅವರು ಹೇಳಿದ್ದೆಲ್ಲ ಹೊಸದು. ವಸೂಲಿಗೆ ಬಂದವನು ಮೊದಲು ತಾನು ಯಾರೆಂದು ಹೇಳಿ ಕಂಪನಿಯ ಕಾಗದ ತೋರಿಸಬೇಕಂತೆ. ಸಾಲದ ಮಾತು ಸಾಲಗಾರನ ಹತ್ತಿರ ಮಾತ್ರವಂತೆ.

"ಬೀಗರ ಅಂಗಡೀಲಿ ಡಂಗುರ ಹೊಡೆಯಲೆ ಅವಂಗೆ ಹಕ್ಕಿಲ್ಲೆ. ಬಾಕಿ ಇದ್ರೂ ಮರ್ಯಾದೆ ನಿಂದೇಯ," ಎಂದು ತಮ್ಮನಿಗೆ ಹೇಳಿ ಪೆನ್ನು ತೆಗೆದರು. "ಈಗ ಹೇಳು, ಆ ಅಂಗಡಿ ಅವಂಗೆ ಹ್ಯಾಂಗೆ ಗೊತ್ತಾತು? ಇದನ್ನ ಖಾಲಿ ಬಿಟ್ರೆ ನೀನೇ ವಿಳಾಸ ಕೊಟ್ಟಿದ್ದೆ ಹೇಳ್ತ ಕಂಪನಿಯವು."

ತಮ್ಮ ಗೆಳೆಯನ ಹೆಸರು ಹೇಳಲು ಬಾಯಿ ತೆಗೆದ.

"ಆನು ಹೇಳಿದ್ದು," ಎಂದೆ. "ಹೆಣ್ಣಿನ ಕಡೆಯಂವ ಹೇಳಿ ತಿಳ್ಕಂಡಿ. ಅಂವನೂ ಹೌದು ಅಂದ."

ತಮ್ಮ ನನ್ನನ್ನು ನೋಡಿದ. "ತೊಡದೇವಿನ ಡಬ್ಬ ಖಾಲಿ ಆಗಿದ್ದು ಇದ್ಕೇಯಾ?"

ಮುದುಕರಿಗೆ ಮಾತ್ರ ಖುಷಿ. "ಬೇರೆಯವರ ಸೋಗು ಹಾಕಿ ವಿಳಾಸ ತಗಂಡ! ಭೇಷ್ ತಂಗೀ, ಮೊದಲೇ ಹೇಳೂಲಾಗ್ತಿತ್ತಿಲ್ಯಾ?" ಎಂದು ಆ ಮಾತನ್ನು ಎಲ್ಲಕ್ಕಿಂತ ಮೇಲೆ ಬರೆದು, ಕೆಳಗೆ ನನ್ನ ಸಹಿ ಹಾಕಿಸಿದರು.

ತಮ್ಮ ಬಾಕಿ ಕಂತು ಕಟ್ಟಿದ. ಕಂಪನಿಯಿಂದ ತಪ್ಪಾಯಿತೆಂದು ಕಾಗದ ಬಂತು. ಅದನ್ನೂ ರಸೀತಿಯನ್ನೂ ಹಿಡಿದು ನಾವಿಬ್ಬರೂ ಸಿದ್ದಾಪುರಕ್ಕೆ, ಹುಡುಗಿಯ ಮನೆಗೆ ಹೋದೆವು. ಕಾಗದವನ್ನು ಹುಡುಗಿಯ ಅಪ್ಪನ ಕೈಗೆ ಕೊಟ್ಟು, ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಅವರು ಮುಖ ಬಿಗಿದುಕೊಂಡೇ ಇದ್ದರು. ನಗು ಕೇಳಿದ್ದು ಒಳಗಿನಿಂದ, ಹುಡುಗಿಯದು.

"ಅಪ್ಪಾ, ಸಾಲ ವಸೂಲಿಗೆ ಬಂದಂವಂಗೇ ಇಷ್ಟು ಉಪಚಾರ ಅಂದ್ರೆ, ಸೊಸೆಗೆ ಎಂತ ಕಡಿಮೆ ಆಗ್ತು?"

ಮಾತುಕತೆ ಮತ್ತೆ ಶುರುವಾಯಿತು, ಮದುವೆಯೂ ಆಯಿತು. ಆ ಗೆಳೆಯನ ಕೈಹಿಡಿದು ತಪ್ಪಾಯಿತೆಂದು ಹೇಳಿದವನು ತಮ್ಮ, ನನ್ನ ಹೆಸರು ಎತ್ತದೆ. ಹೇಳಬೇಕಾಗಿದ್ದವಳು ನಾನು. ಆ ಗೆಳೆಯ ತನ್ನ ಹೆಂಡತಿಯ ಬ್ಲೌಸು ಹೊಲಿಸಲು ಬಂದಾಗಲೆಲ್ಲ ನಾನು ಮಜೂರಿ ಬೇಡವೆನ್ನುತ್ತೇನೆ. ಯಾಕೆಂದು ಅವನು ಕೇಳುತ್ತಾನೆ. ಅಳತೆ ಬರೆದುಕೊಳ್ಳುವ ನೆಪದಲ್ಲಿ ನಾನು ತಲೆ ತಗ್ಗಿಸುತ್ತೇನೆ.